ಪೈಪಿನ ಮಾತು ಕೇಳುವವನ ಕಾರು

ಈ ಪ್ಲಂಬರ್ ಗೋಡೆಗೆ ಕಿವಿಯಿಟ್ಟರೆ ಸಾಕು, ಒಳಗಿನ ಪೈಪು ತನ್ನ ಕಷ್ಟಸುಖವನ್ನೆಲ್ಲ ಒಪ್ಪಿಸಿಬಿಡುತ್ತದೆ ಎಂಬುದು ಲೋಕಪ್ರಸಿದ್ಧ. ಲೋಕವೆಂದರೆ ಮೇಲಿನ ಬೀದಿಯಿಂದ ಕೆಳಗಿನ ಬೀದಿಯವರೆಗೆ. ಒಮ್ಮೆ ಮೂರನೆಯ ಮಹಡಿಯ ಸೋರಿಕೆಯನ್ನು ಮೆಟ್ಟಿಲ ಬುಡದಲ್ಲೇ ನಿಂತು ಕೇಳಿಸಿಕೊಂಡನಂತೆ. ಬಾಯಿಂದ ಬಾಯಿಗೆ ಹೋಗುತ್ತ ಆ ಮೂರು ಏಳಾಯಿತು. ಕಟ್ಟಡಕ್ಕಿದ್ದದ್ದೇ ನಾಲ್ಕು ಮಹಡಿ. "ಊರ ಪೈಪೆಲ್ಲ ಕೇಳಿಸುತ್ತೆ, ಅಡುಗೆಮನೆಯಿಂದ ನಾನು ಕೂಗಿದ್ದು ಮಾತ್ರ ಕೇಳಿಸಲ್ಲ" ಎಂಬುದು ಅವನ ಹೆಂಡತಿಯ ಪಾಠಾಂತರ.

ಅಂಥ ಮಹಾಪುರುಷನ ಹಳೆಯ ಕಾರಿನ ಎಸಿ ಸೋರತೊಡಗಿತ್ತು. ಮೊನ್ನೆ ತುಂಬಿಸಿದ ಗ್ಯಾಸು ಆಗಲೇ ಅರ್ಧ ಖಾಲಿ. ನಾಳೆ ಮಧ್ಯಾಹ್ನ ಆಸ್ಪತ್ರೆಯಿಂದ ಮಗಳನ್ನೂ ಹಸುಗೂಸು ಮೊಮ್ಮಗಳನ್ನೂ ಕರೆತರಬೇಕು. ಬಿಸಿಲೋ, ಕಾದ ಹೆಂಚು. ಕಿಟಕಿ ತೆರೆದರೆ ರಸ್ತೆ ಅಗೆತದ ಧೂಳು, ಮುಚ್ಚಿದರೆ ಕೂಸು ಬೆಂದೇ ಹೋದೀತು.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾನೆಟ್ ತೆರೆದ, ಮುಚ್ಚಿದ, ಮತ್ತೆ ತೆರೆದ. ತಂದಿಟ್ಟ ಚಹಾ ಕೆನೆಗಟ್ಟಿತು. ಗ್ಯಾರೇಜಿಗೆ ಹೊರಟು ಗೇಟಿನವರೆಗೂ ಹೋಗಿ ಹಿಂದಿರುಗಿದ. ಸೋರಿಕೆಗೆಂದು ತಾನು ಇನ್ನೊಬ್ಬನ ಬಾಗಿಲು ಬಡಿಯುವುದೇ? ಆಮೇಲೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

"ಭಾವ, ಅದು ನೀರಲ್ಲ, ಒತ್ತಡದಲ್ಲಿರೋ ಗ್ಯಾಸು," ಎಂದ ಜಗುಲಿಯ ಮೇಲೆ ಕೂತಿದ್ದ ಹೆಂಡತಿಯ ತಮ್ಮ. "ಜಾಯಿಂಟ್ ಕಿತ್ಕೊಂಡ್ರೆ ಮುಖಕ್ಕೇ ಹಾರುತ್ತೆ. ಕಣ್ಣಿಗೆ ಬಿತ್ತೋ, ಮುಗೀತು ಕಥೆ. ಗ್ಯಾರೇಜಲ್ಲಿ ಮೊದಲು ಗ್ಯಾಸನ್ನ ಮಷೀನಿಗೆ ಎಳ್ಕೊಂಡು ಆಮೇಲೆ ಕೈ ಹಾಕ್ತಾರೆ."

"ಸಾಕು ಸುಮ್ನಿರೋ, ಮಹಾ ಭವಿಷ್ಯ ಹೇಳೋನು! ಪೈಪ್ ಅಂದ್ರೆ ಪೈಪು."

"ಹಾಗಾದ್ರೆ ಕಿವಿ ಇಡಿ ಮತ್ತೆ. ಏನನ್ನುತ್ತೋ ನೋಡೋಣ!"

ಇಟ್ಟೇಬಿಟ್ಟ. ಪೈಪು ತುಟಿಪಿಟಕ್ಕೆನ್ನಲಿಲ್ಲ. ಬಚ್ಚಲಿನಿಂದ ಸೋಪು ತಂದು ಜಾಯಿಂಟುಗಳಿಗೆಲ್ಲ ನೊರೆ ಬಳಿದ. ಒಂದರಲ್ಲಿ ಪುಟ್ಟ ಗುಳ್ಳೆ ಉಬ್ಬಿ ಒಡೆಯಿತು. ಹಿಂದೆಯೇ ಇನ್ನೊಂದು. ಸಿಕ್ಕಿಬಿದ್ದ ಕಳ್ಳ! ದಿಗ್ವಿಜಯಕ್ಕೆ ಹೊರಟ ಅರಸನಂತೆ ಸ್ಪ್ಯಾನರ್ ಎತ್ತಿ ನಟ್ಟಿಗೆ ಕೂರಿಸಿದ. ಕಾಲು ಸುತ್ತು ಬಿಗಿದರೆ ಆಯಿತು.

ಬಲಗೈ ಸಿದ್ಧವಾಗಿತ್ತು. ಎಡಗೈ ಮಾತ್ರ ತನ್ನಷ್ಟಕ್ಕೆ ತಾನೇ ಏನನ್ನೋ ತಡಕತೊಡಗಿತು. ಯಾರ ಮನೆಗೆ ಹೋದರೂ ಮೊದಲು ಮೇನ್ ವಾಲ್ವ್ ಮುಚ್ಚಿ, ಆಮೇಲಷ್ಟೇ ನಟ್ಟು ಮುಟ್ಟಲು ಬಿಡುವ ಕೈ ಅದು. ಬ್ಯಾಟರಿಯ ಹಿಂದೆ ತಡಕಿತು, ರೇಡಿಯೇಟರಿನ ಪಕ್ಕ ತಡಕಿತು. ಕೊನೆಗೆ ಅವನೇ ಅಂಗಾತ ಮಲಗಿ ಕಾರಿನಡಿ ತೂರಿಕೊಂಡ.

ಹೆಂಡತಿ ಹೊರಗೆ ಬಂದಳು. "ಏನ್ರೀ, ಕೆಳಗೇನು ಹುಡುಕ್ತಿದ್ದೀರ? ಗ್ಯಾರೇಜ್ ಬಾಗಿಲು ಹಾಕೋ ಹೊತ್ತಾಯ್ತು. ಊರಿಗೆಲ್ಲ ಉತ್ತರ ಕೊಡೋ ಪೈಪು, ನಮ್ಮ ಕೂಸಿನ ವಿಷಯ ಏನಂತು?"

ಅವನು ಹೊರಗೆ ತೆವಳಿ ಬಂದು ಬೆನ್ನಿನ ಮಣ್ಣು ಕೊಡವಿಕೊಂಡ. ನಟ್ಟಿನ ಮೇಲಿದ್ದ ಸ್ಪ್ಯಾನರ್ ತೆಗೆದು ಭಾವಮೈದುನನ ಕೈಗಿತ್ತ.

"ಇದಕ್ಕೆ ಮೇನ್ ವಾಲ್ವೇ ಇಲ್ಲ ಕಣೇ. ಕೀ ಕೊಡು, ಗ್ಯಾರೇಜಿಗೆ ಹೋಗ್ತೀನಿ."