ಕದಲದ ಇಪ್ಪತ್ತಾರು

ಜಂಗಮಕೋಟೆಯ ಮುನಿರತ್ನಮ್ಮನವರ ರೇಷ್ಮೆ ಹುಳು ಮನೆಯಲ್ಲಿ ಶಾಖ ತೋರಿಸುವ ಕಂಪ್ಯೂಟರ್ ಇಟ್ಟವನು ನಾನೇ. ಮೂರನೇ ದಿನಕ್ಕೆ ಅವರ ಫೋನು. "ಒಳಗೆ ಧಗೆ ಹೊಡೀತೈತೆ, ನಿನ್ನ ಪರದೆ ಇಪ್ಪತ್ತಾರೇ ಅಂತೈತೆ. ಬೇಗ ಬಾರಪ್ಪ."

ನಾನು ಹೋದಾಗ ಹುಳು ಜ್ವರಕ್ಕೆ ಕೂತಿದ್ದವು. ಅಂದರೆ ಪೊರೆ ಬಿಡುವ ಹೊತ್ತು. ಆಗ ಸೊಪ್ಪು ಹಾಕುವುದಿಲ್ಲ, ಒಳಗೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಮುನಿರತ್ನಮ್ಮ ಹುಳು ಸಾಕುವ ತಟ್ಟೆಯ ಹತ್ತಿರ ಕೆನ್ನೆ ಒಡ್ಡಿ ಶಾಖ ನೋಡಿ, "ಮೂವತ್ತು ದಾಟೈತೆ" ಅಂದರು.

"ಯಂತ್ರ ಸುಳ್ಳು ಹೇಳಲ್ಲಮ್ಮ" ಅಂತ ಜಂಬದಿಂದಲೇ ಮೌಸ್ ಮುಟ್ಟಿದೆ. ಅಂಕಿ ಮೂವತ್ತೆರಡಕ್ಕೆ ಹಾರಿತು.

ಯಾರಾದರೂ ಮೌಸ್ ಅಲ್ಲಾಡಿಸಿದಾಗ ಮಾತ್ರ ಹೊಸ ಶಾಖ ಓದುವ ಹಾಗೆ ಪ್ರೋಗ್ರಾಂ ಬರೆದಿದ್ದೆ. ನನ್ನ ಮೇಜಿನ ಮುಂದೆ ಕೂತಾಗ ಕೈ ಮೌಸ್ ಬಿಟ್ಟು ಎಲ್ಲಿರುತ್ತೆ? ಅಲ್ಲಿ ಎಲ್ಲಾ ಸರಿಯಾಗೇ ಓಡಿತ್ತು. ಇಲ್ಲಿ ಮುಟ್ಟುವವರೇ ಇಲ್ಲ. ಅದನ್ನು ಮುನಿರತ್ನಮ್ಮನವರಿಗೆ ಹೇಳಿದೆ.

"ಅಂದ್ರೆ ಕೇಳಿದ್ರೇನೇ ಹೇಳೋದಾ ಇದು? ಹುಳು ಸತ್ತಮೇಲೆ ಕೇಳ್ಲಾ?"

ಅವರು ಕಿಟಕಿಗಳನ್ನು ತೆರೆದು, ಮಾಡಿನ ಮೇಲಿನ ತೆಂಗಿನ ಗರಿಗೆ ನೀರು ಹೊಡೆದರು. ನಾನು, ಯಾರೂ ಮುಟ್ಟದಿದ್ದರೂ ಸೆಕೆಂಡಿಗೊಮ್ಮೆ ಶಾಖ ಓದಿ ತೋರಿಸುವ ಟೈಮರ್ ಸೇರಿಸಿದೆ. ಮೂವತ್ತೊಂದು, ಇಪ್ಪತ್ತೊಂಬತ್ತು... ಸಂಜೆ ಹೊತ್ತಿಗೆ ಅಂಕಿ ಹುಳುವಿಗೆ ಹಿತವಾದ ಇಪ್ಪತ್ತಾರಕ್ಕೆ ಬಂದು ನಿಂತಿತು. ನಿಂತೇ ಇತ್ತು. ಮತ್ತೆ ಓದುವುದನ್ನೇ ಬಿಟ್ಟಿತಾ? ಕೈ ತಾನಾಗಿ ಮೌಸಿನ ಕಡೆ ಹೋಯಿತು.

"ಮುಟ್ಬೇಡ ಕಣಪ್ಪ" ಅಂದರು ಮುನಿರತ್ನಮ್ಮ, ತಟ್ಟೆಯಿಂದ ಕೆನ್ನೆ ಎತ್ತುತ್ತಾ. "ಸರಿಯಾಗೇ ಐತೆ."

ನನ್ನ ಪ್ರೋಗ್ರಾಮಿಗೆ ಇದುವರೆಗೆ ಸಿಕ್ಕಿರುವ ಪ್ರಮಾಣಪತ್ರ ಆ ಕೆನ್ನೆಯದೊಂದೇ.