ಗ್ರಾಂ ಅಕ್ಕನಿಗೆ ಸಿಕ್ಕ ಪಾಲುದಾರ

ಊರಿನವರೆಲ್ಲ ಅವಳನ್ನು ಗ್ರಾಂ ಅಕ್ಕ ಅನ್ನುತ್ತಿದ್ದರು. ಹೊಸಬರು ಅದನ್ನು ‘ಗ್ರಾಮ ಅಕ್ಕ’ ಎಂದು ಕೇಳಿಸಿಕೊಂಡು, ಯಾವುದೋ ಹಳ್ಳಿ ಕಚೇರಿಯವಳಿರಬೇಕು ಅಂತ ಅರ್ಜಿ ಹಿಡಿದು ಬಂದದ್ದೂ ಉಂಟು. ಅವಳ ಕೆಲಸವೇ ಬೇರೆ. ಹದಿನೆಂಟು ವರ್ಷ ದೊಡ್ಡ ಚಿನ್ನದ ಗಣಿಯ ಪರೀಕ್ಷೆ ಕೋಣೆಯಲ್ಲಿ ಕಲ್ಲು ಕುಟ್ಟಿ, ಪುಡಿ ಕರಗಿಸಿ, ಟನ್ನಿಗೆ ಎಷ್ಟು ಗ್ರಾಂ ಚಿನ್ನ ಇದೆ ಎಂದು ಬರೆದುಕೊಟ್ಟವಳು.

ಆ ಗಣಿ ಮುಚ್ಚಿದ ಮೇಲೆ ತಮ್ಮನ ಜೊತೆ ಸೇರಿ, ಗುಡ್ಡದ ಮಗ್ಗುಲಲ್ಲಿ ಒಂದು ಸಣ್ಣ ಗಣಿಗೆ ಪರವಾನಗಿ ತೆಗೆದುಕೊಂಡಳು. ತಮ್ಮ ಅಗೆಯುತ್ತಿದ್ದ, ಇವಳು ತೂಗುತ್ತಿದ್ದಳು. ಟನ್ನಿಗೆ ಆರು ಗ್ರಾಂ ಸಿಗುತ್ತಿತ್ತು. ಅರವತ್ತು ಅಡಿ ಇಳಿದಾಗ ನೀರು ನುಗ್ಗಿತು. ಬಾಡಿಗೆ ಪಂಪು ಎರಡು ತಿಂಗಳು ಕೆಮ್ಮಿ ಕೆಮ್ಮಿ ಸುಟ್ಟುಹೋಯಿತು. “ನೀರಿನ ಜೊತೆ ಕುಸ್ತಿ ನನ್ನ ಕೈಲಾಗಲ್ಲ ಅಕ್ಕ,” ಎಂದು ತಮ್ಮ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಲಾರಿ ಓಡಿಸಲು ದೂರದ ಊರಿಗೆ ಹೊರಟುಹೋದ.

ಮನೆಯಲ್ಲಿ ಮಾತೇ ನಿಂತಿತು. ಮೂರು ದಿನ ಬಾಯಿ ತೆರೆಯದೆ ಇದ್ದು, ನಾಲ್ಕನೇ ದಿನ ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಸ್ವರವೇ ಹೊರಡಲಿಲ್ಲ. “ಶೀತಾನಾ ಅಕ್ಕ?” ಎಂದ ಕಂಡಕ್ಟರು.

ಒಳ್ಳೆಯ ಪಂಪು, ಕಲ್ಲು ಅರೆಯುವ ಯಂತ್ರ, ಗಣಿಯ ಗೋಡೆ ಕುಸಿಯದಂತೆ ಆನಿಸಲು ಮರ: ಇಷ್ಟಕ್ಕೆ ಬಂಡವಾಳ ಹಾಕುವವರು ಬೇಕಿತ್ತು. ಒಂದು ವರ್ಷ ಚಪ್ಪಲಿ ಸವೆಸಿದಳು. ಬ್ಯಾಂಕಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸಿದರು. ಕಟ್ಟಡದ ಗುತ್ತಿಗೆದಾರನೊಬ್ಬ ಅವಳ ಪರೀಕ್ಷೆಯ ವರದಿಯನ್ನು ಕೊನೆವರೆಗೂ ಓದಿದ.

“ಆರು ಅಂತ ಯಾಕೆ ಬರೆದ್ರಿ? ಪಕ್ಕದಲ್ಲಿ ಒಂದು ಸೊನ್ನೆ ಹಾಕಿ. ಹತ್ತು ಜನರನ್ನ ನಾನು ಕರ್ಕೊಂಡು ಬರ್ತೀನಿ.”

“ಸೊನ್ನೆ ಹಾಕಿದ್ರೆ ಕಲ್ಲಲ್ಲಿ ಚಿನ್ನ ಹೆಚ್ಚಾಗುತ್ತಾ?” ಎಂದು ಕೇಳಿ ಎದ್ದುಬಂದಳು.

ಕೊನೆಗೆ ಯಾರೋ ಒಬ್ಬರು, ನಿವೃತ್ತ ಹಲ್ಲಿನ ಡಾಕ್ಟರೊಬ್ಬರ ವಿಳಾಸ ಕೊಟ್ಟರು. ಡಾಕ್ಟರು ಒಂದು ಕಾಲದಲ್ಲಿ ಹಲ್ಲಿಗೆ ಚಿನ್ನದ ಕವಚ ಹಾಕುತ್ತಿದ್ದವರು. ಅವಳು ತಂದಿದ್ದ ಗಸಗಸೆಯಷ್ಟು ಚಿನ್ನದ ಕಾಳನ್ನು ಭೂತಗನ್ನಡಿಯಲ್ಲಿ ನೋಡಿ ಮಗುವಿನ ಹಾಗೆ ನಕ್ಕರು.

“ಆರೇ ಗ್ರಾಂ ಅಂತೀರಾ? ಹಾಗಾದ್ರೆ ನಿಜ ಇರಬೇಕು. ಸುಳ್ಳುಗಾರರು ಯಾರೂ ಆರು ಅನ್ನಲ್ಲ!”

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಶುಕ್ರವಾರ ಪಾಲುದಾರಿಕೆಯ ಪತ್ರ ಒಯ್ದಳು. ಡಾಕ್ಟರು ದುಂಡಗೆ ಸಹಿ ಮಾಡಿ ಚೆಕ್ಕು ಕೊಟ್ಟರು. ಅವಳು ಅದನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ, ಡಾಕ್ಟರು ಒಳಗೆ ಹೋಗಿ ನೀರು ಕುಡಿದು ಬಂದರು.

“ಬನ್ನಿ, ಕೂತ್ಕೊಳ್ಳಿ. ಬಂದ ವಿಷಯ ಏನಮ್ಮಾ?”

ತಮಾಷೆ ಇರಬೇಕು ಎಂದು ನಕ್ಕಳು. ಅವರು ನಗಲಿಲ್ಲ. ಅಂದಿನಿಂದ ಮೇಜಿನ ಮೇಲೇ ಇದ್ದ ಕಾಳನ್ನು ಮತ್ತೆ ಭೂತಗನ್ನಡಿಯಲ್ಲಿ ನೋಡಿದರು, ಮತ್ತೆ ಗ್ರಾಂ ಕೇಳಿದರು. “ಸುಳ್ಳುಗಾರರು ಯಾರೂ ಆರು ಅನ್ನಲ್ಲ!” ಎಂದರು, ಅದೇ ಸಂತೋಷದಿಂದ. ಚೆಕ್ ಪುಸ್ತಕ ಹುಡುಕಲು ಜೇಬು ಮುಟ್ಟಿಕೊಂಡರು. ಇವತ್ತು ಬೇಡ ಎಂದು ಹೇಗೋ ಒಪ್ಪಿಸಿ ಹೊರಬಂದಳು.

ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಹೋದರೂ ಕೂತೇ ಇದ್ದಳು. ಕೇಳೋಣವೆಂದರೆ ಯಾರಿದ್ದಾರೆ? ತಮ್ಮನಿಗೆ ಫೋನ್ ಮಾಡಿದಳು.

“ಸಹಿ ಅವರದ್ದೇ ತಾನೇ? ಬಾಯಿ ಮುಚ್ಕೊಂಡು ಬ್ಯಾಂಕಿಗೆ ಹಾಕು,” ಎಂದ. ಹಿಂದೆ ಲಾರಿಗಳ ಸದ್ದು. “ಆಮೇಲೆ ಮಾಡ್ತೀನಿ ಅಕ್ಕ.” ಮಾಡಲಿಲ್ಲ.

ಎರಡು ದಿನ ಚೆಕ್ಕು ಚೀಲದಲ್ಲೇ ಇತ್ತು. ಒಲೆ ಹಚ್ಚಲು ಮನಸ್ಸಾಗಲಿಲ್ಲ. ಪಂಪಿನ ಬೆಲೆಪಟ್ಟಿಯನ್ನು ತೆಗೆದು ನೋಡುವುದು, ಮಡಚಿಡುವುದು. ಮೂರನೇ ದಿನ ಡಾಕ್ಟರ ಮಗಳು ಮನೆಯಲ್ಲಿರುವ ಹೊತ್ತು ವಿಚಾರಿಸಿಕೊಂಡು ಹೋಗಿ, ಚೆಕ್ಕನ್ನೂ ಪತ್ರವನ್ನೂ ಅವಳ ಕೈಗಿಟ್ಟಳು.

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. “ನಿಮಗಿಂತ ಮುಂಚೆ ಇಬ್ಬರು ಬಂದಿದ್ರು. ಅವರೂ ಚೆಕ್ಕು ತಗೊಂಡು ಹೋದ್ರು, ವಾಪಸ್ ಬರಲಿಲ್ಲ.” ಒಳಗೆ ತಿರುಗಿ ನೋಡಿ, “ದಯವಿಟ್ಟು ತಪ್ಪು ತಿಳ್ಕೋಬೇಡಿ. ಇನ್ನು ಮುಂದೆ ಬರಬೇಡಿ. ಅಪ್ಪ ನಿಮ್ಮನ್ನ ಕಂಡ್ರೆ ಮತ್ತೆ ಶುರು ಮಾಡ್ತಾರೆ,” ಎಂದಳು. ಒಳಗಿನಿಂದ “ಯಾರಮ್ಮಾ ಬಂದಿರೋದು?” ಎಂಬ ದನಿ ಕೇಳಿತು. “ಯಾರೂ ಇಲ್ಲಪ್ಪಾ,” ಎಂದಳು ಮಗಳು.

ಈಗ ಗ್ರಾಂ ಅಕ್ಕ ಒಂದು ಆಭರಣದ ಅಂಗಡಿಯ ಹಿಂಭಾಗದಲ್ಲಿ, ಗಾಜಿನ ಗೂಡಿನೊಳಗೆ ಕೂತು, ಜನ ಮಾರಲು ತಂದ ಬಳೆ ಸರಗಳನ್ನು ಪರೀಕ್ಷಿಸುತ್ತಾಳೆ. ಸಂಬಳದಲ್ಲಿ ಶುಲ್ಕ ಕಟ್ಟಿ ಗಣಿಯ ಪರವಾನಗಿ ಉಳಿಸಿಕೊಂಡಿದ್ದಾಳೆ. ಭಾನುವಾರ ಗುಡ್ಡ ಹತ್ತಿ, ಅಡಿಗೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆಯುತ್ತಾಳೆ.

ಹೋದ ವಾರ ಪಂಪಿನ ವ್ಯಾಪಾರಿಯೊಬ್ಬ ಗಣಿ ನೋಡಲು ಬಂದಿದ್ದ. ಗಣಿಯಲ್ಲಿ ಪಾಲು ಸಿಕ್ಕರೆ ಪಂಪು ಕೊಡಬಹುದು, ಯೋಚನೆ ಮಾಡಿ ಹೇಳ್ತೀನಿ ಎಂದ. ಸುತ್ತ ಒಮ್ಮೆ ಕಣ್ಣು ಹಾಯಿಸಿದ.

“ಇಲ್ಲಿಗೆ ಒಬ್ಬರೇ ಬರ್ತೀರಾ? ಭಯ ಆಗಲ್ವಾ?”

“ಭಯ ಏನಿಲ್ಲ.”

“ಬೇಜಾರು?”

ಅವಳು ಬಗ್ಗಿ, ಮೇಲೆಳೆದ ಹಗ್ಗದ ಒದ್ದೆ ಗಂಟುಗಳನ್ನು ಎಣಿಸಿದಳು. “ನಲವತ್ತೆರಡು ಅಡಿ ನೀರಿದೆ,” ಎಂದಳು.