ರ್‍ಯಾಲಿಯ ದಿನದ ಹುರುಳಿ ಒಕ್ಕಣೆ

ನಾನು ಚಿಕ್ಕವಳಿದ್ದಾಗ ಹಾವಿಗೆ ಹೆದರುತ್ತಿರಲಿಲ್ಲ, ಕತ್ತಲೆಗೂ ಅಷ್ಟಾಗಿ ಹೆದರುತ್ತಿರಲಿಲ್ಲ. ನನ್ನ ಜೀವ ಬಾಯಿಗೆ ಬರುತ್ತಿದ್ದದ್ದು ದೊಡ್ಡ ಸದ್ದಿಗೆ. ಲಾರಿ ಹಾರ್ನ್ ಹೊಡೆದರೆ ಸಾಕು, ಅಕ್ಕನ ಲಂಗದ ಹಿಂದೆ ಅವಿತುಕೊಳ್ಳುತ್ತಿದ್ದೆ. ಅಕ್ಕನಿಗೆ ಯಾವ ಭಯವೂ ಇರಲಿಲ್ಲ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಅವಳ ಪಾಲಿಗೆ ನಾನು ‘ಪುಕ್ಲಿ’. ನಗಬೇಡಿ ಮಕ್ಕಳೇ, ಮಿಕ್ಸಿ ಸದ್ದಿಗೆ ನೀವು ಕಿವಿ ಮುಚ್ಚಿಕೊಳ್ಳುವುದನ್ನು ನಾನು ನೋಡಿಲ್ಲವೇ?

ನಮ್ಮ ಊರು ಗುಬ್ಬಿಯಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿತ್ತು. ನಮ್ಮ ಮನೆ ದಾಟಿದ ಕೂಡಲೇ ರಸ್ತೆ ತಿರುಗಿ ಕೆರೆ ಏರಿಯ ಮೇಲೆ ಹೋಗುತ್ತಿತ್ತು. ಸುಗ್ಗಿಯಲ್ಲಿ ಆ ಡಾಂಬರು ರಸ್ತೆಯೇ ನಮಗೆ ಕಣ. ಒಣಗಿದ ಹುರುಳಿ ಗಿಡಗಳನ್ನು ಅದರ ಮೇಲೆ ಹರಡುತ್ತಿದ್ದೆವು. ಬಸ್ಸು, ಲಾರಿ ಹಾಯ್ದು ಹೋದಂತೆ ಕಾಯಿ ಒಡೆದು ಕಾಳು ಉದುರುತ್ತಿತ್ತು. ಆದರೆ ಆಗ ಬರುತ್ತಿದ್ದ ಗಾಡಿಗಳೇ ಕಡಿಮೆ. ಅಪ್ಪ ಜಗಲಿಯ ಮೇಲೆ ಕೂತು ಬಸ್ಸಿನ ದಾರಿ ಕಾಯುತ್ತಿದ್ದದ್ದು ಊರಿಗೆ ಹೋಗುವುದಕ್ಕಲ್ಲ, ಒಕ್ಕಣೆಗೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಚಳಿಗಾಲ, ಜೀಪಿನಲ್ಲಿ ಒಬ್ಬರು ಬಂದರು. ಬೆಂಗಳೂರಿನಿಂದ ಹೊರಟ ಕಾರು ರ್‍ಯಾಲಿ ನಾಳೆ ಬೆಳಿಗ್ಗೆ ಕಡಬದ ಕಡೆಯಿಂದ ಇದೇ ರಸ್ತೆಯಲ್ಲಿ ಹಾದುಹೋಗುತ್ತದೆ, ಮಕ್ಕಳನ್ನೂ ದನಗಳನ್ನೂ ರಸ್ತೆಗೆ ಬಿಡಬೇಡಿ ಎಂದು ಹೇಳಿ ಹೋದರು. ನೀವು ಟಿವಿಯಲ್ಲಿ ನೋಡುತ್ತೀರಲ್ಲ, ಏಷ್ಯಾದ ಬೇರೆ ಬೇರೆ ದೇಶದವರು ಬಂದು ಕಾರು ಓಡಿಸುವ ಚಾಂಪಿಯನ್‌ಶಿಪ್, ಅದೆಲ್ಲ ನಮ್ಮ ಕಡೆಗೆ ಬರುವುದಕ್ಕೆ ಇನ್ನೂ ಕಾಲವಿತ್ತು. ಅದಕ್ಕೂ ಮೊದಲು ನಮ್ಮವರು ರ್‍ಯಾಲಿ ಓಡಿಸಿ ಪಳಗಿದ್ದು ಇಂಥ ಹಳ್ಳಿ ರಸ್ತೆಗಳಲ್ಲೇ.

ಸುದ್ದಿ ಕೇಳಿ ಅಪ್ಪನ ಮುಖ ಅರಳಿತು. “ಒಂದರ ಹಿಂದೆ ಒಂದು ಕಾರು ಬತ್ತವಂತೆ ಕಣೇ! ನಮ್ಮ ಹುರುಳಿ ಒಂದೇ ಹೊತ್ಗೆ ಮುಗ್ದೋಯ್ತದೆ,” ಎಂದ.

ಅವ್ವನಿಗೆ ಅನುಮಾನ. “ಬ್ಯಾಡ ಕಣಾ, ಏನಾದ್ರೂ ಅಂದಾರು.”

“ದನ ಬುಡ್ಬೇಡಿ ಅಂದ್ರು, ಮಕ್ಳ ಬುಡ್ಬೇಡಿ ಅಂದ್ರು. ಹುರುಳಿ ಹಾಕ್ಬೇಡಿ ಅಂದ್ರಾ?”

ಬೆಳಗಾಗುತ್ತಲೇ ಅಪ್ಪ ದನ ಕಟ್ಟಿಹಾಕಿದ, ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿದ, ವರ್ಷದ ಹುರುಳಿಯನ್ನೆಲ್ಲ ಮನೆಯಿಂದ ಏರಿಯ ತಿರುವಿನವರೆಗೆ ಹಾಸಿದ. ಚಳಿಯಲ್ಲಿ ಹುರುಳಿಯ ಒಣ ವಾಸನೆ ಮೂಗಿಗೆ ಹಿತವಾಗಿತ್ತು. ನಾನು ಮಾತ್ರ ಆಗಲೇ ಅಕ್ಕನ ಲಂಗದ ಅಂಚು ಹಿಡಿದಿದ್ದೆ.

ಮೊದಲು ಬಂದದ್ದು ಕೆಂಪು ಬಾವುಟ ಕಟ್ಟಿದ ಅದೇ ಜೀಪು. ಅದರಲ್ಲಿದ್ದವರು ರಸ್ತೆ ನೋಡಿ ಹೌಹಾರಿ ಕೆಳಗೆ ಹಾರಿದರು. “ಅಯ್ಯೋ, ಏನ್ರೀ ಇದು! ಇದರ ಮೇಲೆ ಚಕ್ರ ಜಾರಿದ್ರೆ ಗಾಡಿ ಸೀದಾ ಕೆರೆಗೇ ಹೋಗತ್ತೆ. ತೆಗೀರಿ, ಬೇಗ ತೆಗೀರಿ! ಮೊದಲನೇ ಕಾರು ಆಗಲೇ ಹೊರಟಿದೆ.”

ಅಪ್ಪ ಬಿಳುಚಿಕೊಂಡ. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಊರವರೆಲ್ಲ ಓಡಿಬಂದರು. ಜಗಲಿಯಲ್ಲಿದ್ದ ನಮ್ಮನ್ನೂ ಕೆಲಸಕ್ಕೆ ಕರೆದರು. ಹೊಲಕ್ಕೆ ಸಾಗಿಸಲು ಹೊತ್ತಿರಲಿಲ್ಲವಾಗಿ, ಗಿಡಗಳನ್ನೆಲ್ಲ ತಬ್ಬಿಕೊಂಡು ಹೋಗಿ ತಿರುವಿನಲ್ಲಿ ಕೆರೆಯಂಚಿಗೆ ಒಟ್ಟಿದೆವು. ಆಳೆತ್ತರದ ಮೆದೆಯಾಯಿತು. ಆದರೆ ಗಿಡ ಹೋದರೂ ಎತ್ತುವಾಗ ಉದುರಿದ ಕಾಳು ರಸ್ತೆಯ ತುಂಬ ಉಳಿದಿತ್ತು. ಕಾಲಿಟ್ಟರೆ ಜಾರುತ್ತಿತ್ತು. ಹೆಂಗಸರು ಪೊರಕೆ ಹಿಡಿದರು.

ಆಗ ನೀರಿನಾಚೆಯಿಂದ ಆ ಸದ್ದು ಕೇಳಿತು. ಸಾವಿರ ದುಂಬಿ ಒಟ್ಟಿಗೆ ಎದ್ದಂಥ ಸದ್ದು. ಜೀಪಿನವರು “ದೂರ ಹೋಗಿ!” ಎಂದು ಕೂಗಿದರು. ಅವ್ವ ನನ್ನ ರಟ್ಟೆ ಹಿಡಿದು ಜಗಲಿಗೆ ಎಳೆದಳು. ತಿರುಗಿ ನೋಡುತ್ತೇನೆ, ಅಕ್ಕ ಇನ್ನೂ ತಿರುವಿನಲ್ಲೇ ಇದ್ದಾಳೆ! ಕೊನೆಯ ಹೊರೆ ತಬ್ಬಿಕೊಂಡು ಮೆದೆಯ ಕಡೆ ಹೋಗುತ್ತಿದ್ದಾಳೆ. ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಕಾರು ಏರಿಯಿಂದ ತಿರುಗಿತು. ಚಕ್ರಗಳು ಕಾಳಿನ ಮೇಲೆ ಹರಿದವು. ಇಡೀ ಕಾರು ಅಡ್ಡಡ್ಡ ಜಾರಿ, ಕೆರೆಯ ಕಡೆಗೆ ನುಗ್ಗಿ, ಮೆದೆಯೊಳಗೆ ಹೂತುಹೋಯಿತು. ಎಂಜಿನ್ ನಿಂತಿತು. ದೂಳು, ಹೊಟ್ಟು ಆಕಾಶಕ್ಕೆ ಎದ್ದಿತು. ಅಕ್ಕ ನಿಂತಿದ್ದ ಜಾಗದಲ್ಲಿ ಅಕ್ಕ ಇರಲಿಲ್ಲ.

ಆ ಮೌನದಷ್ಟು ಭಯಂಕರ ಸದ್ದನ್ನು ನಾನು ಕೇಳಿಲ್ಲ. ಅವ್ವ ಚೀರುತ್ತಾ ಓಡಿದಳು. ಅಪ್ಪ ಎರಡು ಕೈಯಲ್ಲೂ ಮೆದೆ ಬಗೆಯತೊಡಗಿದ. ಕಾರಿನಿಂದ ಇಳಿದ ಡ್ರೈವರು ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ ಅಪ್ಪನ ಪಕ್ಕದಲ್ಲಿ ಮಂಡಿಯೂರಿ ಬಗೆದ. ಹಿಂದಿನ ಕಾರುಗಳನ್ನು ತಡೆಯಲು ಜೀಪಿನವರು ಬಾವುಟ ಕಿತ್ತುಕೊಂಡು ಏರಿಯ ಮೇಲೆ ಓಡಿದರು. ನಾನು ಕಂಬ ತಬ್ಬಿಕೊಂಡು, ಇನ್ನು ಮೇಲೆ ಯಾರ ಹಿಂದೆ ಅವಿತುಕೊಳ್ಳಲಿ ಎಂದು ಅಳುತ್ತಿದ್ದೆ.

“ಅಪ್ಪಾ...”

ದನಿ ಬಂದದ್ದು ಮೆದೆಯಿಂದಲ್ಲ, ಏರಿಯ ಕೆಳಗಿನಿಂದ. ಕಾರು ಕಂಡ ಕೂಡಲೇ ಅಕ್ಕ ಹೊರೆ ಬಿಸುಟು ಕೆರೆಯ ಕಡೆ ಹಾರಿದ್ದಳು. ಸೊಂಟದವರೆಗೆ ಒದ್ದೆ, ಮಂಡಿಯಲ್ಲಿ ರಕ್ತ, ತಲೆತುಂಬ ಹೊಟ್ಟು. ಅಪ್ಪ ಅವಳನ್ನು ಎತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಡ್ರೈವರು ರಸ್ತೆಯ ನಡುವೆಯೇ ಕುಸಿದು ಕೂತ. ಅವ್ವ ಮಜ್ಜಿಗೆ ಕೊಟ್ಟ ಮೇಲೆಯೇ ಅವನು ಹೆಲ್ಮೆಟ್ ತೆಗೆದದ್ದು. ಅವನ ಜೀವ ತೆಗೆಯಬಹುದಾಗಿದ್ದ ಹುರುಳಿಯೇ ಅವನನ್ನು ಕೆರೆಗೆ ಬೀಳದಂತೆ ತಡೆದಿತ್ತು.

ಅಕ್ಕ ನನ್ನ ಹತ್ತಿರ ಬಂದು, “ಯಾಕೇ ಅಳ್ತಿದೀಯ ಪುಕ್ಲಿ, ನಂಗೇನಾಯ್ತು?” ಎಂದು ಕೈ ಹಿಡಿದಳು. ಆ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡೆ.

ಅಪ್ಪ ಮತ್ತೆಂದೂ ರಸ್ತೆಗೆ ಹುರುಳಿ ಹರಡಲಿಲ್ಲ. ಮಾರನೆಯ ವರ್ಷದಿಂದ ನಮ್ಮ ಒಕ್ಕಣೆ ಎತ್ತುಗಳ ಪಾಲಾಯಿತು.

ಈಗ ನೀವು ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ರ್‍ಯಾಲಿ ಆಡುತ್ತೀರಿ. ಕಾರು ಪಲ್ಟಿಯಾದರೆ ನಗುತ್ತೀರಿ, ಒಂದು ಬಟನ್ ಒತ್ತಿದರೆ ಅದು ಮತ್ತೆ ರಸ್ತೆಗೆ ಬರುತ್ತದೆ. ಆಡಿ, ಬೇಡ ಅನ್ನುವುದಿಲ್ಲ. ಆದರೆ ಆ ಸದ್ದು ಕೇಳಿದಾಗೆಲ್ಲ ಅಜ್ಜಿ ಅಡುಗೆಮನೆಗೆ ಹೋಗಿ ಫೋನ್ ಮಾಡುತ್ತಾಳಲ್ಲ, ಯಾರಿಗೆ ಎಂದು ಕೇಳುತ್ತಿದ್ದಿರಿ. ನಿಮ್ಮ ದೊಡ್ಡಜ್ಜಿಗೆ, ಅದೇ ನನ್ನ ಅಕ್ಕನಿಗೆ. ಆ ಕಡೆಯಿಂದ “ಏನೇ ಪುಕ್ಲಿ?” ಎಂದು ಕೇಳಿಸಿದರೆ ಸಾಕು, ಇಟ್ಟುಬಿಡುತ್ತೇನೆ.